ಹಳೇ ಬೇಸ್‌ಬಾಲ್ ಪ್ಯಾಕ್ ತೆರೆಯುವುದು ಹೇಗೆ? 1980ರ ಟಾಪ್ಸ್‌ನಲ್ಲಿ ರಿಕಿ ಹೆಂಡರ್ಸನ್ ರೂಕಿ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಹಳೇ ಬೇಸ್‌ಬಾಲ್ ಕಾರ್ಡ್ ಪ್ಯಾಕ್ ತೆರೆಯುವವರಿಂದ ಮತ್ತೆ ಮತ್ತೆ ಕೇಳಿಬರುವುದು ಎರಡೇ ದೂರು. ಒಂದು, "ಇಷ್ಟೊಂದು ಪ್ಯಾಕ್ ತೆರೆದೆ, ಬೇಕಾದ ಕಾರ್ಡ್ ಬರಲೇ ಇಲ್ಲ." ಇನ್ನೊಂದು, "ಕಾರ್ಡ್ ಬಂತು, ಆದರೆ ಗ್ರೇಡ್ ತೀರಾ ಕಡಿಮೆ ಬಂತು." ಗ್ರೇಡ್ ಅಂದರೆ ಕಾರ್ಡ್ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಪರೀಕ್ಷಿಸುವ ಕಂಪನಿ ಕೊಡುವ ಅಂಕ. ಎರಡಕ್ಕೂ ಅದೃಷ್ಟವನ್ನು ದೂರುತ್ತಾರೆ. ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಮೊದಲ ದೂರು ಬಹಳ ಸಲ ಪ್ಯಾಕ್ ಕೊಂಡ ದಿನವೇ ತೀರ್ಮಾನ ಆಗಿರುತ್ತದೆ. ಎರಡನೆಯದಕ್ಕೆ ಎಷ್ಟೋ ಸಲ ಕಾರಣ ಬಿಚ್ಚುವಾಗಿನ ಅವಸರ. ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಉದಾಹರಣೆಗೆ ಒಂದೇ ಸೆಟ್ ಹಿಡಿದುಕೊಂಡಿದ್ದೇನೆ: ಅಮೆರಿಕದ ಕಾರ್ಡ್ ಕಂಪನಿ ಟಾಪ್ಸ್‌ನ 1980ರ ಸೆಟ್. ಹುಡುಕುವ ಕಾರ್ಡ್ 482ನೇ ನಂಬರಿನದು, ಓಕ್ಲಂಡ್ ಎ'ಸ್ ತಂಡದ ರಿಕಿ ಹೆಂಡರ್ಸನ್ ರೂಕಿ, ಅಂದರೆ ಆ ಆಟಗಾರನ ಆರಂಭದ ಕಾರ್ಡ್. ಮೇಣದ ಕಾಗದದಲ್ಲಿ ಸುತ್ತಿ, ಒಳಗೆ ಬಬಲ್ ಗಮ್ ಇಟ್ಟ ಯಾವ ಪ್ಯಾಕ್‌ಗಾದರೂ ಇದೇ ವಿಧಾನ ನಡೆಯುತ್ತದೆ. 1982ರ ಕ್ಯಾಲ್ ರಿಪ್ಕನ್, 1983ರ ಟೋನಿ ಗ್ವಿನ್, 1985ರ ರೋಜರ್ ಕ್ಲೆಮೆನ್ಸ್ ಹುಡುಕುವವರೂ ಇದನ್ನೇ ಅನುಸರಿಸಬಹುದು.

ಹಂತ 1: ಮೊದಲು ಲೆಕ್ಕ ಹಾಕಿ

1980ರ ಟಾಪ್ಸ್ ಸೆಟ್‌ನಲ್ಲಿ 726 ಕಾರ್ಡ್‌ಗಳಿವೆ. ಟಾಪ್ಸ್ ಆಗ ಒಂದು ಶೀಟ್‌ನಲ್ಲಿ 132 ಕಾರ್ಡ್ ಅಚ್ಚು ಹಾಕುತ್ತಿತ್ತು. ಆರು ಶೀಟ್ ಅಂದರೆ 792 ಜಾಗ. 726 ಕಾರ್ಡ್ ತುಂಬಿಸಿದ ಮೇಲೆ ಉಳಿಯುವ 66 ಜಾಗದಲ್ಲಿ 66 ಕಾರ್ಡ್‌ಗಳನ್ನು ಎರಡನೇ ಸಲ ಅಚ್ಚು ಹಾಕಿದರು. ಇವೇ ಡಬಲ್ ಪ್ರಿಂಟ್‌ಗಳು. ಹೆಂಡರ್ಸನ್ ಅವುಗಳಲ್ಲಿಲ್ಲ. ಅಂದರೆ 792ರಲ್ಲಿ ಅವರಿಗೆ ಒಂದೇ ಜಾಗ.

ಮೇಣದ ಕಾಗದದ ಈ ವ್ಯಾಕ್ಸ್ ಪ್ಯಾಕ್ ಒಂದರಲ್ಲಿ 15 ಕಾರ್ಡ್. 792ನ್ನು 15ರಿಂದ ಭಾಗಿಸಿ. ಸರಾಸರಿ 53 ಪ್ಯಾಕ್‌ಗೆ ಒಂದು ಹೆಂಡರ್ಸನ್ ಬರಬಹುದು. ಒಂದು ಬಾಕ್ಸ್‌ನಲ್ಲಿ 36 ಪ್ಯಾಕ್, ಒಟ್ಟು 540 ಕಾರ್ಡ್. ಹಾಗಾಗಿ ಒಂದು ಬಾಕ್ಸ್ ಪೂರ್ತಿ ತೆರೆದರೂ ಕಾರ್ಡ್ ಸಿಕ್ಕೇ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. ಬಿಡಿಯಾಗಿ 10 ಪ್ಯಾಕ್ ಕೊಂಡರೆ ಸಿಗುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ಅದೂ ಆ ಪ್ಯಾಕ್‌ಗಳನ್ನು ಯಾರೂ ಆರಿಸಿ ತೆಗೆದಿಲ್ಲ ಅಂದರೆ ಮಾತ್ರ.

ಇನ್ನೊಂದು ಲೆಕ್ಕವೂ ಇದೆ. ಆಗ ಪ್ಯಾಕ್‌ಗೆ 25 ಸೆಂಟ್. ಇವತ್ತು ಅಸಲಿ ಎಂದು ಪರೀಕ್ಷೆ ಆದ ಬಾಕ್ಸ್ ಒಂದಕ್ಕೆ ಸಾವಿರಾರು ಡಾಲರ್. ಮಧ್ಯಮ ಗ್ರೇಡಿನ ಹೆಂಡರ್ಸನ್ ಕಾರ್ಡನ್ನು ನೇರವಾಗಿ ಕೊಂಡರೆ ಅದರ ಸಣ್ಣ ಪಾಲು ಸಾಕು. ಕಾರ್ಡ್ ಬೇಕಿರುವವರು ಕಾರ್ಡನ್ನೇ ಕೊಳ್ಳಲಿ. ಪ್ಯಾಕ್ ತೆರೆಯುವ ಖುಷಿಗೂ ದುಡ್ಡು ಕೊಡಲು ಸಿದ್ಧ ಇರುವವರು ಮಾತ್ರ ಮುಂದಿನ ಹಂತಕ್ಕೆ ಬನ್ನಿ. ಸಾಲ ಮಾಡಿ, ಮಕ್ಕಳ ಫೀಸಿನ ದುಡ್ಡಿಂದ ಇದಕ್ಕೆ ಕೈ ಹಾಕುವುದು ಬೇಡವೇ ಬೇಡ.

ಹಂತ 2: ಯಾವ ಬಗೆಯ ಪ್ಯಾಕ್?

ವ್ಯಾಕ್ಸ್ ಪ್ಯಾಕ್ ಅಂದರೆ ಮೇಣ ಸವರಿದ ಕಾಗದದಲ್ಲಿ ಸುತ್ತಿ, ಹಿಂಬದಿ ಬಿಸಿ ಮಾಡಿ ಅಂಟಿಸಿದ್ದು. ಒಳಗಿನ ಒಂದು ಕಾರ್ಡೂ ಹೊರಗೆ ಕಾಣುವುದಿಲ್ಲ. ಸೆಲೋ ಪ್ಯಾಕ್ ಪಾರದರ್ಶಕ. ಮೇಲಿನ ಒಂದು, ಕೆಳಗಿನ ಒಂದು ಕಾರ್ಡ್ ಕಾಣುತ್ತದೆ. ರ‍್ಯಾಕ್ ಪ್ಯಾಕ್ ಅಂದರೆ ಅಂಗಡಿಯ ಕೊಕ್ಕೆಗೆ ತೂಗುಹಾಕುವ, ಮೂರು ಕಿಟಕಿಯಂಥ ಭಾಗಗಳಿರುವ ಪ್ಯಾಕ್. ವೆಂಡಿಂಗ್ ಬಾಕ್ಸ್‌ನಲ್ಲಿ ಪ್ಯಾಕೇ ಇಲ್ಲ, 500 ಕಾರ್ಡ್ ಸುಮ್ನೆ ಜೋಡಿಸಿರುತ್ತಾರೆ. ಅದರಲ್ಲಿ ಮೇಣವೂ ಇಲ್ಲ, ಗಮ್ಮೂ ಇಲ್ಲ. ಕಾರ್ಡ್ ಚೆನ್ನಾಗಿರುತ್ತದೆ. ಆದರೆ ಯಾರೋ ಹೆಂಡರ್ಸನ್ ತೆಗೆದು ಇನ್ನೊಂದು ಕಾರ್ಡ್ ತುರುಕಿದ್ದರೆ ಪತ್ತೆ ಹಚ್ಚುವುದು ತುಂಬ ಕಷ್ಟ.

"ಮೇಲೆ ಹೆಂಡರ್ಸನ್ ಕಾಣುತ್ತಿದೆ" ಎಂದು ಮಾರುವ ಸೆಲೋ ಮತ್ತು ರ‍್ಯಾಕ್ ಪ್ಯಾಕ್‌ಗಳ ಬಗ್ಗೆ ತುಂಬ ಎಚ್ಚರ. ಮೋಸಗಾರರು ಹೆಚ್ಚಾಗಿ ಕೈ ಹಾಕುವುದು ಇಲ್ಲಿಗೇ. ಸಾಮಾನ್ಯ ಪ್ಯಾಕ್ ಬಿಚ್ಚಿ, ಮೇಲೆ ಸ್ಟಾರ್ ಕಾರ್ಡ್ ಇಟ್ಟು ಮತ್ತೆ ಅಂಟಿಸುತ್ತಾರೆ. ಕೆಲವೊಮ್ಮೆ ಆ ಸ್ಟಾರ್ ಕಾರ್ಡೇ ನಕಲಿ ಆಗಿರುತ್ತದೆ.

ಹುಡುಕಾಟಕ್ಕೆ ನನ್ನ ಆಯ್ಕೆ ವ್ಯಾಕ್ಸ್. ಅದನ್ನು ಕುರುಹು ಬಿಡದೆ ಮತ್ತೆ ಅಂಟಿಸುವುದು ಸುಲಭ ಅಲ್ಲ.

ಹಂತ 3: ಎಲ್ಲಿಂದ, ಹೇಗೆ ಕೊಳ್ಳಬೇಕು

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಈ ಹಂತಕ್ಕೆ.

ಒಂದು ನಿರ್ದಿಷ್ಟ ರೂಕಿ ಹುಡುಕುವವರು ಬಿಡಿ ಪ್ಯಾಕ್ ಕೊಳ್ಳಬೇಡಿ. ಟಾಪ್ಸ್ ಕಾರ್ಡ್‌ಗಳು ಚೆನ್ನಾಗಿ ಕಲಸಿ ಪ್ಯಾಕ್‌ಗೆ ಬರುತ್ತಿರಲಿಲ್ಲ. ಶೀಟ್ ಕತ್ತರಿಸಿ ಜೋಡಿಸಿದ ಸಾಲಿನಲ್ಲೇ, ಒಂದರ ಹಿಂದೆ ಒಂದು ಬರುತ್ತಿದ್ದವು. ಹಾಗಾಗಿ ಒಂದು ಬಾಕ್ಸ್‌ನಲ್ಲಿ ಕೆಲವು ಪ್ಯಾಕ್ ತೆರೆದವರಿಗೆ ಉಳಿದವುಗಳಲ್ಲಿ ಏನಿರಬಹುದು ಅಂತ ಸುಳಿವು ಸಿಕ್ಕಿಬಿಡುತ್ತದೆ. ಹೆಂಡರ್ಸನ್ ಸಿಕ್ಕ ಮೇಲೆ ಅದೇ ಬಾಕ್ಸ್‌ನ ಮಿಕ್ಕ ಪ್ಯಾಕ್‌ಗಳನ್ನು ಬಿಡಿಯಾಗಿ ಮಾರಿದರೆ ಕೊಂಡವರಿಗೆ ಗೊತ್ತಾಗುವುದೇ ಇಲ್ಲ. ಆ ಪ್ಯಾಕ್ ಅಸಲಿ, ಯಾರೂ ಬಿಚ್ಚಿಲ್ಲ, ಸೀಲ್ ಗಟ್ಟಿ ಇದೆ. ಆದರೂ ಅದರಲ್ಲಿ ನಿಮಗೆ ಬೇಕಾದದ್ದು ಇರುವ ಸಾಧ್ಯತೆ ತೀರಾ ಕಡಿಮೆ. ಮೊದಲ ದೂರಿನ ಮೂಲ ಇದು.

ಆದ್ದರಿಂದ ಪೂರ್ತಿ ಬಾಕ್ಸ್ ಕೊಳ್ಳಿ. ಒಬ್ಬರಿಗೆ ಭಾರ ಅನಿಸಿದರೆ ನಾಲ್ಕೈದು ಜನ ಗೆಳೆಯರು ಸೇರಿ ಕೊಂಡು, ಎದುರಲ್ಲೇ ತೆರೆದು ಹಂಚಿಕೊಳ್ಳಿ. ಸ್ಟಾರ್ ಕಾರ್ಡ್ ಯಾರ ಪಾಲಿಗೆ ಅಂತ ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಮಾತಾಡೋಣ ಅಂದುಕೊಂಡ ಕಡೆ ಸ್ನೇಹ ಕೆಡುತ್ತದೆ.

ಇನ್ನು ಬಾಕ್ಸ್ ಬಗ್ಗೆ. 1980ರ ಟಾಪ್ಸ್ ವ್ಯಾಕ್ಸ್ ಬಾಕ್ಸ್‌ಗೆ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿರಲಿಲ್ಲ. ರಟ್ಟಿನ ಮುಚ್ಚಳ ಮಡಚಿ ಕಳಿಸುತ್ತಿದ್ದರು, ಅಷ್ಟೇ. ಹಾಗಾಗಿ ಯಾರಾದರೂ "ಫ್ಯಾಕ್ಟರಿ ಸೀಲ್ ಆದ 1980ರ ಬಾಕ್ಸ್" ಅಂದರೆ ಅಲ್ಲೇ ನಿಲ್ಲಿ. ಆ ಪ್ಲಾಸ್ಟಿಕ್ ಆಮೇಲೆ ಯಾರೋ ಹಾಕಿದ್ದು. ಯಾರು ಹಾಕಿದರು ಎಂಬುದೇ ಪ್ರಶ್ನೆ. ಅಮೆರಿಕದ ಇಂಡಿಯಾನಾ ರಾಜ್ಯದ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ (ಬಿಬಿಸಿಇ) ಎಂಬ ಕಂಪನಿ ಪ್ಯಾಕ್‌ಗಳನ್ನು ಪರೀಕ್ಷಿಸಿ, ತನ್ನ ಹೆಸರಿರುವ ಹೊದಿಕೆ ಹಾಕಿ ಕೊಡುತ್ತದೆ. ಹವ್ಯಾಸಿಗಳು ಬಿಬಿಸಿಇ ಸುತ್ತಿದ ಬಾಕ್ಸ್ ಅನ್ನುವುದು ಇದಕ್ಕೇ. ಇಷ್ಟು ದುಡ್ಡು ಹಾಕುವಾಗ ಅಂಥ ಪರೀಕ್ಷೆ ಇಲ್ಲದ ಬಾಕ್ಸ್ ಬೇಡ.

ಪರೀಕ್ಷೆ ಆಗಿದೆ ಅಂತ ಕಣ್ಣು ಮುಚ್ಚಿಕೊಳ್ಳುವುದೂ ಬೇಡ. ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ತಂದ ಪೋಕೆಮಾನ್ ಕಾರ್ಡ್‌ಗಳ ಕೇಸ್ ಅನ್ನು 2022ರ ಜನವರಿಯಲ್ಲಿ ತೆರೆದಾಗ ಒಳಗೆ ಇದ್ದದ್ದು ಜಿ.ಐ. ಜೋ ಕಾರ್ಡ್‌ಗಳು. ಅದಕ್ಕೂ ಅಸಲಿ ಎಂಬ ಒಪ್ಪಿಗೆ ಸಿಕ್ಕಿತ್ತು. ಅದಕ್ಕೇ ಬಿಲ್ ಇಟ್ಟುಕೊಳ್ಳಿ, ಮಾರುವವರು ಯಾರು ಅಂತ ತಿಳಿದುಕೊಳ್ಳಿ, ವಾಪಸ್ ಷರತ್ತು ಓದಿ. ಪ್ಯಾಕ್ ಪರೀಕ್ಷಿಸಿ ಗ್ರೇಡ್ ಕೊಡುತ್ತಿದ್ದ, ಈಗ ಬಾಗಿಲು ಮುಚ್ಚಿರುವ ಕಂಪನಿಗಳ ಹಳೇ ಡಬ್ಬಿಯಲ್ಲಿ ಬರುವ ಪ್ಯಾಕ್‌ಗಳ ವಿಷಯದಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು.

ಬಿಚ್ಚಿ ಮತ್ತೆ ಅಂಟಿಸಿದ ವ್ಯಾಕ್ಸ್ ಪ್ಯಾಕ್‌ನ ಗುರುತುಗಳು ಇವು. ಮಾರುವವರಿಂದ ಹಿಂಬದಿಯ ಫೋಟೊ ಕೇಳಿ. ಮುಂಬದಿ ಯಾರಿಗೂ ಏನೂ ಹೇಳುವುದಿಲ್ಲ.

- ಅಸಲಿ ಸೀಲ್ ಇರುವ ಕಡೆ ಮೇಣ ಒಂದೇ ಸಮನಾಗಿ ಕರಗಿ ಕೂತಿರುತ್ತದೆ. ಇಸ್ತ್ರಿಪೆಟ್ಟಿಗೆಯೋ ಬೇರೆ ಬಿಸಿ ಸಾಮಾನೋ ಒತ್ತಿ ಅಂಟಿಸಿದ್ದರೆ ಬೇಕಾದ್ದಕ್ಕಿಂತ ಅಗಲವಾದ ಜಾಗ ಮಬ್ಬಾಗಿ, ಎಣ್ಣೆ ಕುಡಿದ ಕಾಗದದ ಹಾಗೆ ಕಾಣುತ್ತದೆ.
- ಮಡಿಕೆಯ ಗೆರೆ ಒಂದೇ ಇರಬೇಕು. ಪಕ್ಕದಲ್ಲೇ ಇನ್ನೊಂದು ಗೆರೆ ಸಮಾನಾಂತರವಾಗಿ ಕಂಡರೆ ಒಮ್ಮೆ ಬಿಚ್ಚಿ ಮತ್ತೆ ಮಡಚಿದ್ದಾರೆ.
- ಅಂಟಿನ ಹೊಳಪು ಕಂಡರೆ ಮಾತೇ ಬೇಡ. ಟಾಪ್ಸ್ ಅಂಟು ಹಾಕುತ್ತಿರಲಿಲ್ಲ, ಮೇಣದಿಂದಲೇ ಸೀಲ್.
- ರ‍್ಯಾಪರ್ ಕಾರ್ಡ್‌ಗಳ ಮೇಲೆ ಬಿಗಿಯಾಗಿ ಕೂತಿಲ್ಲ, ಒಳಗೆ ಅಲ್ಲಾಡುತ್ತದೆ ಅಂದರೆ ಅನುಮಾನ ಪಡಿ.
- ಒಂದು ಬಾಕ್ಸ್‌ನಲ್ಲಿ ಕೆಲವು ಪ್ಯಾಕ್‌ಗಳ ಸೀಲ್ ಮಾತ್ರ ಬೇರೆ ಥರ ಇದ್ದರೆ ಅದೂ ಕೆಟ್ಟ ಲಕ್ಷಣವೇ.

ಹಂತ 4: ಪಾರ್ಸೆಲ್ ಬಂದ ದಿನ

ಮೇಣಕ್ಕೆ ಬಿಸಿ ಆಗದು. ಡಲ್ಲಾಸ್, ಫೀನಿಕ್ಸ್ ಕಡೆ ಇರುವ ನಮ್ಮವರು ಬೇಸಿಗೆಯಲ್ಲಿ ಪಾರ್ಸೆಲ್ಲನ್ನು ಮನೆ ಮುಂದಿನ ಅಂಚೆಡಬ್ಬಿಯಲ್ಲಿ ಇಡೀ ಮಧ್ಯಾಹ್ನ ಬಿಡಬೇಡಿ, ಕಾರಿನಲ್ಲಂತೂ ಬಿಡಲೇಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಮೇಣ ಕರಗುವಷ್ಟು ಶಾಖ ಏರುತ್ತದೆ. ಕರಗಿದ ಮೇಣ ಹಿಂದಿನ ಕಾರ್ಡ್‌ಗೆ ಇಳಿಯುತ್ತದೆ. ಕರ್ನಾಟಕಕ್ಕೆ ತರಿಸಿಕೊಳ್ಳುವವರು ಏಪ್ರಿಲ್, ಮೇ ತಿಂಗಳು ಬಿಟ್ಟು ತರಿಸಿ. ಕರಾವಳಿಯವರು ಮಳೆಗಾಲವನ್ನೂ ಬಿಡಿ.

ಡಬ್ಬಿ ಕತ್ತರಿಸುವ ಮೊದಲು ಫೋನ್ ಸ್ಟ್ಯಾಂಡ್‌ನಲ್ಲಿಟ್ಟು ವಿಡಿಯೊ ಶುರು ಮಾಡಿ. ಪಾರ್ಸೆಲ್‌ನ ಟೇಪ್, ವಿಳಾಸದ ಚೀಟಿ, ಬಾಕ್ಸ್‌ನ ಆರೂ ಮುಖ, ಹೊದಿಕೆ ಬಿಚ್ಚುವುದು, ಎಲ್ಲ ಒಂದೇ ಓಟದಲ್ಲಿ ಇರಲಿ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ ವಿಡಿಯೊ ತಗಾದೆ ಬಂದಾಗ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಬಾಕ್ಸನ್ನು ಒಂದು ರಾತ್ರಿ ಮನೆಯೊಳಗೇ ಬಿಡಿ. ಹೊರಗಿನ ಚಳಿಯಿಂದ ಬಂದ ಪ್ಯಾಕನ್ನು ಬೆಚ್ಚನೆ ಕೋಣೆಯಲ್ಲಿ ತಕ್ಷಣ ತೆರೆದರೆ ಕಾರ್ಡ್ ಮೇಲೆ ತೇವ ಕೂರುತ್ತದೆ. ಚಳಿಗೆ ಗಟ್ಟಿಯಾದ ಮೇಣದ ಕಾಗದ ಬಿರಿಯುತ್ತದೆ ಕೂಡ.

ಹಂತ 5: ಮೇಜು, ಸಾಮಾನು

ಫ್ಯಾನ್ ಆಫ್ ಮಾಡಿ. ಕಾಫಿ ಲೋಟ ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಎಳೆ ಬಿಡದ, ಒಗೆದ ಹತ್ತಿಬಟ್ಟೆ ಅಥವಾ ಬಿಳಿ ಕಾಗದ ಹಾಸಿ. ಬೇಕಾದದ್ದು ಇಷ್ಟು:

- ಪೆನ್ನಿ ಸ್ಲೀವ್. ತೆಳು ಪ್ಲಾಸ್ಟಿಕ್ ಕವರ್. ಹೊಸದೇ ಆಗಿರಲಿ. ಒಮ್ಮೆ ಬಳಸಿದ್ದರಲ್ಲಿ ಧೂಳು ಇರುತ್ತದೆ.
- ಟಾಪ್‌ಲೋಡರ್. ಗಟ್ಟಿ ಪ್ಲಾಸ್ಟಿಕ್ ಕವಚ.
- ಕಾರ್ಡ್ ಸೇವರ್ 1. ಅರೆಗಟ್ಟಿ ಕವಚ. ಗ್ರೇಡಿಂಗ್‌ಗೆ ಕಳಿಸುವಾಗ ಇದು ಬೇಕು.
- ಅಂಚು ಮೊಂಡಾದ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ. ಚಾಕು, ಬ್ಲೇಡ್, ಕತ್ತರಿ ಮೇಜಿನ ಹತ್ತಿರವೂ ಬೇಡ.
- ಮೆತ್ತನೆ ಒಣ ಬ್ರಷ್, ಗಮ್ ಪುಡಿ ಗುಡಿಸಲು.
- 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಮಿಲಿಮೀಟರ್ ಗೆರೆ ಇರುವ ಪಾರದರ್ಶಕ ಸ್ಕೇಲು, ಬೇಕಾದ ಕಡೆ ತಿರುಗಿಸಬಹುದಾದ ಎಲ್‌ಇಡಿ ಲೈಟು.

ಕೈ ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಕ್ರೀಮು ಹಚ್ಚಿದ ಕೈ ಬೇಡ. ಹತ್ತಿಯ ಗ್ಲೌಸ್ ಹಾಕಿಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆರಳಿಗೆ ಹಿಡಿತ ತಪ್ಪುತ್ತದೆ, ಕಾರ್ಡಿನ ಮೂಲೆ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಒಣ ಕೈ ಸಾಕು. ಬೆವರುವ ಕೈ ಇರುವವರು ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್ ಬಳಸಿ.

ಹಂತ 6: ಅಗ್ಗದ ಪ್ಯಾಕ್‌ನಲ್ಲಿ ಕೈ ಪಳಗಿಸಿ

1987 ಮತ್ತು 1988ರ ಟಾಪ್ಸ್ ವ್ಯಾಕ್ಸ್ ಪ್ಯಾಕ್‌ಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ದರು. ಇವತ್ತಿಗೂ ತುಂಬ ಅಗ್ಗ. ಅದೇ ಮೇಣದ ಕಾಗದ, ಅದೇ ಗಮ್. ನಾಲ್ಕೈದು ಪ್ಯಾಕ್ ತಂದು ಮುಂದಿನ ಹಂತವನ್ನು ಅವುಗಳ ಮೇಲೆ ಮಾಡಿ ನೋಡಿ. ಬಹುತೇಕ ಜನ ಬಿಟ್ಟುಬಿಡುವ ಹಂತ ಇದು. 1987ರ ಪ್ಯಾಕ್‌ನಲ್ಲಿ ಬ್ಯಾರಿ ಬಾಂಡ್ಸ್ ಬರಬಹುದು. ಆ ಕಾರ್ಡನ್ನು ಸ್ಲೀವ್‌ಗೆ ಹಾಕುವುದನ್ನೂ ಅಭ್ಯಾಸ ಮಾಡಿಕೊಳ್ಳಿ.

ಹಂತ 7: ಪ್ಯಾಕ್ ಬಿಚ್ಚುವುದು

ಹೆಚ್ಚಿನವರು ಪ್ಯಾಕನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಒತ್ತಿ, ಚಿಪ್ಸ್ ಪ್ಯಾಕೆಟ್ ಎಳೆದಂತೆ ಎಳೆಯುತ್ತಾರೆ. ಹೆಬ್ಬೆರಳಿನ ಒತ್ತಡ ನೇರವಾಗಿ ಮೇಲಿನ ಕಾರ್ಡಿನ ಅಂಚಿಗೆ ಬೀಳುತ್ತದೆ. ನಾಲ್ಕು ದಶಕ ಕೆಡದೆ ಉಳಿದ ಮೂಲೆ ಒಂದೇ ಕ್ಷಣದಲ್ಲಿ ಮಡಚಿಕೊಳ್ಳುತ್ತದೆ. ಪ್ಯಾಕನ್ನು ಕೈಯಲ್ಲಿ ಹಿಡಿದು ತೆರೆಯಬೇಡಿ. ಮೇಜಿನ ಮೇಲೆ ಇಟ್ಟೇ ತೆರೆಯಿರಿ. ಕ್ರಮ ಹೀಗೆ:

ಮೊದಲು ಸೀಲ್ ಇರುವ ಹಿಂಬದಿ ಮೇಲೆ ಬರುವಂತೆ ಮಲಗಿಸಿ. ಎರಡು ತುದಿಗಳಲ್ಲಿ ಮಡಿಕೆ, ನಡುವೆ ಉದ್ದಕ್ಕೆ ಒಂದು ಜೋಡಣೆ ಕಾಣುತ್ತದೆ. ಸೀಲ್ ಹೇಗಿದೆ ಅಂತ ಕ್ಯಾಮೆರಾಕ್ಕೆ ತೋರಿಸಿ. ಅನುಮಾನ ಬಂದರೆ ಇಲ್ಲೇ ನಿಲ್ಲಿಸಿ. ಬಿಚ್ಚಿದ ಪ್ಯಾಕನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಈಗ ಒಂದು ತುದಿಯ ಮಡಿಕೆಯ ಕೆಳಗೆ ಪ್ಲಾಸ್ಟಿಕ್ ಪಟ್ಟಿಯನ್ನು ಅಡ್ಡಡ್ಡಲಾಗಿ ತೂರಿಸಿ. ಪಟ್ಟಿ ಕಾಗದಕ್ಕೂ ಕಾಗದಕ್ಕೂ ನಡುವೆ ಹೋಗಬೇಕು, ಕಾಗದಕ್ಕೂ ಕಾರ್ಡಿಗೂ ನಡುವೆ ಅಲ್ಲ. ಮೇಣ ಹಿಡಿದ ಜಾಗ ಟಕ್ ಅಂತ ಸಣ್ಣ ಸದ್ದು ಮಾಡಿ ಬಿಡುತ್ತದೆ. ಇನ್ನೊಂದು ತುದಿಗೂ ಹೀಗೇ ಮಾಡಿ. ಎರಡೂ ಬಿಟ್ಟ ಮೇಲೆ ಉದ್ದದ ಜೋಡಣೆಯನ್ನು ಒಂದು ಕಡೆಯಿಂದ ನಿಧಾನಕ್ಕೆ ಎಬ್ಬಿಸಿ. ಕಾಗದ ಹರಿದರೆ ಹರಿಯಲಿ. ಒತ್ತಡ ಮಾತ್ರ ಕಾರ್ಡ್ ಮೇಲೆ ಬೀಳಬಾರದು.

ರ‍್ಯಾಪರ್ ಪೂರ್ತಿ ಹರಡಿಕೊಂಡ ಮೇಲೆ ಕಾರ್ಡ್‌ಗಳ ಕಟ್ಟು ನಡುವೆ ಕೂತಿರುತ್ತದೆ. ಸೀಲಿನ ಕಡೆಯ ಕಾರ್ಡ್ ಕಾಗದಕ್ಕೆ ಮೇಣದಿಂದ ಹಿಡಿದಿರಬಹುದು. ಆಗ ಕಾರ್ಡನ್ನು ಎತ್ತಬೇಡಿ, ಕಾರ್ಡ್ ಮೇಜಿನ ಮೇಲೆ ಚಪ್ಪಟೆ ಇರಲಿ, ಕಾಗದವನ್ನು ಅದರಿಂದ ಬಿಡಿಸಿ. ಕಾಗದ ಬಾಗಲಿ, ಕಾರ್ಡ್ ಬಾಗಬಾರದು.

ಕಟ್ಟಿನ ಒಂದು ತುದಿಯಲ್ಲಿ ಗಮ್ ಇರುತ್ತದೆ. ಹಳೇ ಗಮ್ ಗಾಜಿನಂತೆ ಚೂರಾಗುತ್ತದೆ, ಪುಡಿ ಚೂಪಾಗಿರುತ್ತದೆ. ಅದು ಕಾರ್ಡ್‌ಗಳ ನಡುವೆ ಜಾರಿದರೆ ಗೀರು ಬೀಳುತ್ತದೆ. ಹಾಗಾಗಿ ಮೊದಲು ಗಮ್ ತೆಗೆದು, ಪುಡಿಯನ್ನು ಬ್ರಷ್‌ನಿಂದ ಹೊರಕ್ಕೆ ಗುಡಿಸಿ, ಆಮೇಲೆ ಕಾರ್ಡ್ ಮುಟ್ಟಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ. ಗಮ್ ಕಾರ್ಡ್‌ಗೆ ಅಂಟಿಕೊಂಡಿದ್ದರೆ ಒಂದೇ ಸಲ ಎಳೆಯಬೇಡಿ. ಕಾರ್ಡನ್ನು ಚಪ್ಪಟೆ ಇಟ್ಟು, ಗಮ್ಮನ್ನು ಚೂರು ಚೂರಾಗಿ ಮುರಿದು ತೆಗೆಯಿರಿ. ಮತ್ತೆ, ಆ ಗಮ್ ತಿನ್ನಲು ಹೋಗಬೇಡಿ. ತಮಾಷೆಗೆ ಬಾಯಿಗೆ ಹಾಕಿಕೊಳ್ಳುವ ವಿಡಿಯೊಗಳು ತುಂಬ ಇವೆ. ನಾಲ್ಕು ದಶಕ ಹಳೆಯ ತಿನಿಸು ಅದು, ಮಕ್ಕಳ ಕೈಗೆ ಸಿಗದಂತೆ ಕಸಕ್ಕೆ ಹಾಕಿ.

ಹಂತ 8: ಕಾರ್ಡ್ ನೋಡುವ ಕ್ರಮ

ಕಟ್ಟನ್ನು ಇಸ್ಪೀಟಿನಂತೆ ಬೀಸಬೇಡಿ, ಕಲಸಬೇಡಿ, ಮೇಜಿಗೆ ಕುಟ್ಟಿ ಸರಿಮಾಡಬೇಡಿ. ಒಂದೊಂದೇ ಕಾರ್ಡನ್ನು ಎರಡು ಉದ್ದದ ಅಂಚುಗಳಲ್ಲಿ ಹಿಡಿದು ಮೇಲಕ್ಕೆ ಎತ್ತಿ ಪಕ್ಕಕ್ಕೆ ಇಡಿ. ಜಾರಿಸಿ ಎಳೆದರೆ ಒಂದರ ಮೈ ಇನ್ನೊಂದಕ್ಕೆ ಉಜ್ಜುತ್ತದೆ.

ಬಂದ ಕ್ರಮದಲ್ಲೇ ನಂಬರ್ ಬರೆದುಕೊಳ್ಳಿ. ಇದು ಬೇಸರದ ಕೆಲಸ, ಆದರೆ ಬಿಡಬೇಡಿ. ಎರಡು ಲಾಭ ಇದೆ. ನಾಲ್ಕೈದು ಪ್ಯಾಕ್ ಆಗುವಷ್ಟರಲ್ಲಿ ಕಾರ್ಡ್‌ಗಳ ಸಾಲು ಹೇಗೆ ಓಡುತ್ತಿದೆ ಅಂತ ಕಾಣತೊಡಗುತ್ತದೆ. ಆಮೇಲೆ ಯಾವುದೋ ಒಂದು ಪ್ಯಾಕ್‌ನಲ್ಲಿ ಸಾಲು ತಪ್ಪಿದರೆ, ಅದರಲ್ಲೂ ಸ್ಟಾರ್ ಆಟಗಾರ ಬರಬೇಕಾದ ಕಡೆ ಸಾಮಾನ್ಯ ಆಟಗಾರ ಕೂತಿದ್ದರೆ, ಯಾರೋ ಕೈ ಹಾಕಿದ್ದಾರೆ ಅಂತ ಲೆಕ್ಕ. ಇಡೀ ಬಾಕ್ಸ್‌ನಲ್ಲಿ ಗಮ್ ಕಲೆ, ಮೇಣದ ಕಲೆ ಎಲ್ಲಿ ಬಿದ್ದಿದೆ ಅಂತಲೂ ನೋಡಿ. ಕಲೆ ಬೀಳುವುದು ಕಟ್ಟಿನ ಎರಡು ತುದಿಯ ಕಾರ್ಡ್‌ಗಳಿಗೆ. ನಡುವಿನ ಕಾರ್ಡ್‌ನಲ್ಲಿ ಗಮ್ ಕಲೆ ಕಂಡರೆ ಆ ಕಾರ್ಡ್ ಮೊದಲು ಬೇರೆ ಜಾಗದಲ್ಲಿತ್ತು.

ಅಂಥ ಅನುಮಾನ ಗಟ್ಟಿಯಾದರೆ ಉಳಿದ ಪ್ಯಾಕ್ ಬಿಚ್ಚುವುದನ್ನು ನಿಲ್ಲಿಸಿ, ವಿಡಿಯೊ ಜೊತೆ ಮಾರಿದವರಿಗೆ ಅದೇ ದಿನ ಬರೆಯಿರಿ.

ಹಂತ 9: ಹೆಂಡರ್ಸನ್ ಕಂಡ ಕ್ಷಣ

ಬಿಳಿ ಅಂಚು, ಹಸಿರು–ಹಳದಿ ಸಮವಸ್ತ್ರ, ಬ್ಯಾಟ್ ಹಿಡಿದು ಮೈ ಕುಗ್ಗಿಸಿ ಕೂತಂತೆ ನಿಂತ ಆಟಗಾರ, ಚಿತ್ರದ ಮೇಲೆ ಅಚ್ಚಾದ ಸಹಿ. ಈ ಕಾರ್ಡ್ ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ. ಎತ್ತಿ ಕ್ಯಾಮೆರಾ ಮುಂದೆ ಹಿಡಿಯುತ್ತಾರೆ, ಪಕ್ಕದವರ ಕೈಗೆ ಕೊಡುತ್ತಾರೆ, ಕೈ ನಡುಗುತ್ತದೆ. ಕಾರ್ಡ್ ಕೆಡುವುದು ಆಗ.

ಕಾರ್ಡ್ ಎಲ್ಲಿದೆಯೋ ಅಲ್ಲೇ ಬಿಡಿ. ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಕೈ ಮತ್ತೆ ಒರೆಸಿಕೊಳ್ಳಿ. ಆಮೇಲೆ ಹೊಸ ಸ್ಲೀವ್ ತೆಗೆದುಕೊಂಡು, ಎರಡು ಪಕ್ಕ ಮೆಲ್ಲಗೆ ಅದುಮಿ ಬಾಯಿ ಅಗಲ ಮಾಡಿ. ಕಾರ್ಡನ್ನು ನೇರವಾಗಿ ತಳ್ಳಬೇಡಿ, ಎರಡೂ ಮೂಲೆ ಒಟ್ಟಿಗೆ ಸ್ಲೀವಿನ ಅಂಚಿಗೆ ತಗುಲುತ್ತವೆ. ಸ್ವಲ್ಪ ಓರೆ ಮಾಡಿ, ಒಂದು ಮೂಲೆ ಒಳಗೆ ಹೋದ ಮೇಲೆ ಇನ್ನೊಂದನ್ನು ಇಳಿಸಿ. ಅಭ್ಯಾಸ ಕಡಿಮೆ ಇದ್ದರೆ ಸ್ಲೀವಿನ ಬಾಯಿಯ ಒಂದು ಮೂಲೆಯನ್ನು ಮೊದಲೇ ಚೂರು ಕತ್ತರಿಸಿ ಇಟ್ಟುಕೊಳ್ಳಿ. ದಾರಿ ಸಲೀಸಾಗುತ್ತದೆ.

ಸ್ಲೀವ್ ಆದ ಮೇಲೆ ಟಾಪ್‌ಲೋಡರ್. ಬರೀ ಕಾರ್ಡನ್ನು ಟಾಪ್‌ಲೋಡರ್‌ಗೆ ಎಂದೂ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಮೈಗೆ ಗೀರು ಹಾಕುತ್ತದೆ. ಇಷ್ಟಾದ ಮೇಲೆ ಕೂಗಿ, ಕುಣಿಯಿರಿ, ಫೋಟೊ ತೆಗೆಯಿರಿ. ಆ ಬಾಕ್ಸ್‌ನ ಉಳಿದ ಪ್ಯಾಕ್‌ಗಳನ್ನೂ ಇದೇ ನಿಧಾನದಲ್ಲಿ ತೆರೆಯಬೇಕು ಅನ್ನುವುದು ನೆನಪಿರಲಿ. ನೋಲನ್ ರಯಾನ್, ಮೈಕ್ ಶ್ಮಿಟ್, ಜಾರ್ಜ್ ಬ್ರೆಟ್ ಎಲ್ಲರೂ ಇದೇ ಸೆಟ್‌ನಲ್ಲಿದ್ದಾರೆ.

ಹಂತ 10: ಕಾರ್ಡನ್ನು ಪರೀಕ್ಷೆ ಮಾಡಿ

ಮೊದಲು ಸೆಂಟರಿಂಗ್, ಅಂದರೆ ಚಿತ್ರ ಕಾರ್ಡಿನ ನಟ್ಟನಡುವೆ ಕೂತಿದೆಯಾ ಅನ್ನುವುದು. ಈ ಸೆಟ್‌ನ ದೊಡ್ಡ ತೊಂದರೆಯೇ ಅದು. ಎಡ, ಬಲದ ಬಿಳಿ ಅಂಚನ್ನು ಸ್ಲೀವ್ ಮೇಲಿಂದಲೇ ಸ್ಕೇಲಿನಿಂದ ಅಳೆಯಿರಿ. ಎಡಕ್ಕೆ 2, ಬಲಕ್ಕೆ 3 ಮಿಲಿಮೀಟರ್ ಇದ್ದರೆ ಅದು 40–60. ಎಡಕ್ಕೆ 1.5, ಬಲಕ್ಕೆ 3.5 ಇದ್ದರೆ 30–70. ಮೇಲೆ–ಕೆಳಗೂ ಹಾಗೇ. ಗ್ರೇಡ್ ಕೊಡುವ ಪಿಎಸ್‌ಎ ಕಂಪನಿಯ ಅತಿ ಮೇಲಿನ ಗ್ರೇಡ್ ಆದ 10 ಬೇಕಾದರೆ ಮುಂಬದಿ ಸುಮಾರು 45–55ರ ಒಳಗೆ ಇರಬೇಕು. ಈ ಕಾರ್ಡ್ ಸಾವಿರಾರು ಸಂಖ್ಯೆಯಲ್ಲಿ ಗ್ರೇಡ್ ಆಗಿದ್ದರೂ 10 ಸಿಕ್ಕಿದ್ದು ಕೆಲವೇ ಕೆಲವಕ್ಕೆ. ಪ್ಯಾಕ್‌ನಿಂದ ಈಗಷ್ಟೇ ಬಂದಿದೆ, ಹಾಗಾಗಿ 10 ಬರುತ್ತದೆ ಅಂದುಕೊಳ್ಳುವುದು ತಪ್ಪು. ಓರೆಯಾಗಿ ಕತ್ತರಿಸಿದ್ದು ಕಾರ್ಖಾನೆಯಲ್ಲೇ.

ಆಮೇಲೆ ನಾಲ್ಕು ಮೂಲೆ, ನಾಲ್ಕು ಅಂಚು. ಲೂಪ್ ಹಿಡಿದು ನೋಡಿ. ಮೂಲೆಯಲ್ಲಿ ಬಿಳಿ ನಾರು ಎದ್ದಿದೆಯಾ, ಅಂಚಿನಲ್ಲಿ ಚಕ್ಕೆ ಎದ್ದಿದೆಯಾ? ಲೈಟನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಮೈ ನೋಡಿ. ನೇರ ಬೆಳಕಿನಲ್ಲಿ ಕಾಣದ ಸುಕ್ಕು, ಒತ್ತಿದ ಗುರುತು, ಮೇಣದ ಪದರ ಆಗ ಕಾಣುತ್ತವೆ.

ಮುಂಬದಿಯಲ್ಲಿ ಮೇಣ ಇದ್ದರೆ ನೈಲಾನ್ ಕಾಲುಚೀಲದ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ತೆಗೆಯುವುದು ಹವ್ಯಾಸಿಗಳಲ್ಲಿ ಹಳೇ ರೂಢಿ. ಮೇಣ ಮೇಲ್ಮೈಯಲ್ಲಷ್ಟೇ ಕೂತಿರುವುದರಿಂದ ಹೊರಟುಹೋಗುತ್ತದೆ. ಆದರೆ ಮೊದಲು ಸಾಮಾನ್ಯ ಕಾರ್ಡ್‌ಗಳ ಮೇಲೆ ಮಾಡಿ ನೋಡಿ. ಹಿಂಬದಿಯ ಕಥೆ ಬೇರೆ. ಅದು ಒರಟು ರಟ್ಟು, ಮೇಣವನ್ನೂ ಗಮ್ಮಿನ ಜಿಡ್ಡನ್ನೂ ಹೀರಿಕೊಂಡಿರುತ್ತದೆ. ನೀರು, ಸ್ಪಿರಿಟ್, ರಬ್ಬರ್, ಇಸ್ತ್ರಿ, ಇವು ಯಾವುದನ್ನೂ ಹತ್ತಿರ ತರಬೇಡಿ. ಅಂಚು ಸರಿಮಾಡಲು ಕತ್ತರಿಸುವುದಂತೂ ಅಪರಾಧವೇ. ಕತ್ತರಿಸಿದ ಕಾರ್ಡನ್ನು ಗ್ರೇಡಿಂಗ್ ಕಂಪನಿಗಳು ನಂಬರ್ ಕೊಡದೆ ವಾಪಸ್ ಕಳಿಸುತ್ತವೆ.

ಬಿಡಿ ಕಾರ್ಡ್ ಕೊಳ್ಳುವವರಿಗೆ ಒಂದು ಮಾತು: ಈ ಹೆಂಡರ್ಸನ್ ಕಾರ್ಡ್‌ಗೆ ನಕಲಿಗಳಿವೆ. ಅದೇ ಸೆಟ್‌ನ ಸಾಮಾನ್ಯ ಕಾರ್ಡ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಲೂಪ್‌ನಲ್ಲಿ ಕಪ್ಪು ಅಕ್ಷರ, ಗೆರೆಗಳನ್ನು ಹೋಲಿಸಿ. ಅಸಲಿಯಲ್ಲಿ ಅವು ಗಟ್ಟಿ ಕಪ್ಪು. ಇನ್ನೊಂದು ಕಾರ್ಡನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರೆ ಅಲ್ಲೂ ಬಣ್ಣದ ಚುಕ್ಕಿಗಳು ಕಾಣುತ್ತವೆ, ಅಂಚು ಮಸುಕಾಗಿರುತ್ತದೆ.

ಹಂತ 11: ಗ್ರೇಡಿಂಗ್‌ಗೆ ಕಳಿಸಬೇಕಾ?

ಎಲ್ಲ ಕಾರ್ಡನ್ನೂ ಕಳಿಸುವ ಅಗತ್ಯ ಇಲ್ಲ. ನಿಮ್ಮ ಅಂದಾಜಿನಲ್ಲಿ ಯಾವ ಗ್ರೇಡ್ ಬರಬಹುದು ಅಂತ ಬರೆದುಕೊಳ್ಳಿ, ಅದಕ್ಕಿಂತ ಒಂದು ಕಡಿಮೆ ಅಂತ ಹಿಡಿಯಿರಿ. ಆ ಗ್ರೇಡಿನ ಕಾರ್ಡ್ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟ ಆಗಿದೆ ನೋಡಿ. ಕೇಳುವ ಬೆಲೆ ನೋಡಬೇಡಿ. ಫೀಸು, ಎರಡೂ ಕಡೆಯ ಅಂಚೆ, ವಿಮೆ ಕಳೆದ ಮೇಲೂ ಉಳಿಯುವುದಾದರೆ ಕಳಿಸಿ. ಹೆಂಡರ್ಸನ್ ಆದರೆ ಸಾಮಾನ್ಯವಾಗಿ ಕಳಿಸುವುದೇ ಸರಿ, ಅಸಲಿ ಎಂಬ ದಾಖಲೆಯಾದರೂ ಆಗುತ್ತದೆ. ಗ್ರೇಡ್ ಆದ ಕಾರ್ಡಿನ ಮೇಲೆ ಒಸಿ ಅಂತ ಇದ್ದರೆ ಸೆಂಟರಿಂಗ್ ತಪ್ಪಿದೆ, ಎಸ್‌ಟಿ ಅಂತ ಇದ್ದರೆ ಕಲೆ ಇದೆ ಎಂದರ್ಥ.

ಕಳಿಸುವಾಗ ಟಾಪ್‌ಲೋಡರ್ ಬೇಡ. ಹೊಸ ಸ್ಲೀವ್, ಅದರ ಮೇಲೆ ಕಾರ್ಡ್ ಸೇವರ್ 1. ಸ್ಲೀವಿನ ತುದಿಗೆ ಸುಲಭವಾಗಿ ಬಿಡುವ ಅಂಟುಚೀಟಿ ಹಚ್ಚಿ, ಎಳೆದು ತೆಗೆಯಲು ಅನುಕೂಲ ಆಗುತ್ತದೆ. ಎರಡು ರಟ್ಟಿನ ನಡುವೆ ಇಟ್ಟು ರಬ್ಬರ್‌ಬ್ಯಾಂಡ್ ಹಾಕಿ. ಬ್ಯಾಂಡ್ ರಟ್ಟಿನ ಮೇಲಿರಲಿ, ಬಿಗಿ ಇರಬಾರದು. ಭಾರತದಿಂದ ಕಳಿಸುವವರು ಒಂದೊಂದೇ ಕಾರ್ಡ್ ಕಳಿಸಿದರೆ ಅಂಚೆ ಖರ್ಚೇ ಜಾಸ್ತಿ. ಊರಿನ ನಾಲ್ಕು ಜನರದ್ದು ಸೇರಿಸಿ ಕಳಿಸಿ, ಪ್ರತಿ ಕಾರ್ಡಿನ ಮುಂದೆ–ಹಿಂದೆ ಫೋಟೊ ಇಟ್ಟುಕೊಳ್ಳಿ.

ಹಂತ 12: ಉಳಿದದ್ದನ್ನು ಏನು ಮಾಡುವುದು

540 ಕಾರ್ಡ್‌ಗಳಲ್ಲಿ ಹೆಚ್ಚಿನವು ಸಾಮಾನ್ಯ. ನಂಬರ್ ಪ್ರಕಾರ ಜೋಡಿಸಿ, ಕಾರ್ಡಿಗೆಂದೇ ಸಿಗುವ ಉದ್ದನೆ ರಟ್ಟಿನ ಡಬ್ಬಿಯಲ್ಲಿ ಇಡಿ. 726ರ ಸೆಟ್‌ಗೆ ಎಷ್ಟು ಬೇಕು ಅಂತ ಪಟ್ಟಿ ಮಾಡಿ. ಬಾಕಿ ಕಾರ್ಡ್‌ಗಳನ್ನು ಬಿಡಿಯಾಗಿ ಕೊಳ್ಳುವುದು ಅಗ್ಗ. ಗಮ್ ಕಲೆ ಬಿದ್ದವನ್ನು ಬೇರೆ ಇಡಿ, ಜಿಡ್ಡು ಪಕ್ಕದ ಕಾರ್ಡಿಗೆ ಹತ್ತುತ್ತದೆ. ತೇವ ಇರುವ ಊರಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದನ್ನು ಆಗಾಗ ಬದಲಿಸಿ.

ಖಾಲಿ ಬಾಕ್ಸ್ ಮತ್ತು ಹರಿಯದ ರ‍್ಯಾಪರ್‌ಗಳಿಗೂ ಕೊಳ್ಳುವವರಿದ್ದಾರೆ. ಅವರಲ್ಲಿ ಕೆಲವರು ಪ್ಯಾಕ್ ಮತ್ತೆ ಅಂಟಿಸಲೆಂದೇ ಕೊಳ್ಳುತ್ತಾರೆ. ಹಾಗಾಗಿ ಮಾರುವುದಾದರೆ ರ‍್ಯಾಪರ್‌ನ ಒಳಬದಿ ಪೆನ್ನಿನಿಂದ "ತೆರೆದದ್ದು" ಅಂತ ಇಂಗ್ಲಿಷಿನಲ್ಲಿ ಬರೆದು, ತಾರೀಕು ಹಾಕಿ ಕೊಡಿ.